ಮದುವೆಯ ಹರಗೋಲು ಕಂಡವರು ಯಾರು

ಎಂ.ಎ. ಕೊನೆಯ ವರ್ಷದಲ್ಲಿ ನಾವೆಲ್ಲ ಒಂದೊಂದು ಕಿರುಪ್ರಬಂಧ ಬರೆಯಬೇಕಿತ್ತು. ನಾನು ಇತಿಹಾಸದ ವಿದ್ಯಾರ್ಥಿನಿ. ಊರು ಮಾನ್ವಿ ತಾಲೂಕಿನ ಕುರ್ಡಿ. ರಾಯಚೂರಿನಲ್ಲಿ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ದೇವದುರ್ಗದ ಗೆಳತಿಯ ಜೊತೆ ಇದ್ದುಕೊಂಡು ಓದುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸಂಶೋಧನೆ ಎಂದರೇನು ಎಂದು ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ನಾಲ್ಕು ಪುಸ್ತಕ ಓದಿ ಐದನೆಯದೊಂದನ್ನು ಬರೆಯುವುದೇ ಸಂಶೋಧನೆ ಎಂದು ನಾನೇ ತಿಳಿದುಕೊಂಡಿದ್ದೆ.

ಗೂಗಲ್‌ ಎಂಬ ದೇವದುರ್ಗ ತಾಲೂಕಿನ ಹಳ್ಳಿಯ ಬಳಿ ಕೃಷ್ಣಾ ನದಿಗೆ ಸೇತುವೆ ಬರುವ ಮುಂಚೆ ಜನ ಹರಗೋಲಿನಲ್ಲಿ ಹೊಳೆ ದಾಟುತ್ತಿದ್ದರು. ಬಿದಿರಿನ ದೊಡ್ಡ ದುಂಡು ಬುಟ್ಟಿ, ಅದರ ಹೊರಮೈಗೆ ಚರ್ಮ. ಆ ದಾಟುವಿಕೆಯನ್ನೇ ನಾನು ವಿಷಯವಾಗಿ ಆರಿಸಿಕೊಂಡೆ. ಅದರ ಮೇಲೆ ಪ್ರೀತಿ ಇತ್ತೆಂದಲ್ಲ. ಅದರ ಬಗ್ಗೆ ಬರೆದವರು ಕಡಿಮೆ, ಓದುವುದೂ ಕಡಿಮೆ, ಬೇಗ ಮುಗಿಯುತ್ತದೆ ಎನ್ನುವುದು ನನ್ನ ಲೆಕ್ಕ.

ನನಗೆ ಮಾರ್ಗದರ್ಶಕಿಯಾಗಿ ಸಿಕ್ಕವರು ರಾಯಚೂರಿನವರೇ ಆದ ಒಬ್ಬ ಮೇಡಂ. ಯಾರನ್ನೂ ನಂಬುವುದಿಲ್ಲ ಎಂದು ಅವರು ಹೆಸರಾಗಿದ್ದರು. ಹಾಜರಿ ಕರೆಯುವಾಗ ‘ಪ್ರೆಸೆಂಟ್‌’ ಎಂದ ದನಿ ಕೇಳಿದರೆ ಸಾಲದು, ತಲೆಯೆತ್ತಿ ಮುಖ ನೋಡಿಯೇ ಗುರುತು ಹಾಕುವವರು. ನನ್ನ ಮೊದಲ ಅಧ್ಯಾಯವನ್ನು ಅವರ ಮೇಜಿನ ಮೇಲಿಟ್ಟಾಗ ಒಂದು ಪುಟ ಓದಿ ಕನ್ನಡಕ ತೆಗೆದರು.

“ಇದು ಯಾರು ಬರದದ್ದು?”

“ನಾನಾ ರೀ ಮೇಡಂ.”

“ನೀನೋ, ನಿನ್ನ ಫೋನೋ?”

ನನಗೆ ಅವಮಾನವಾಯಿತು. ಆಗ ತರಗತಿಯಲ್ಲಿ ಬಹಳ ಮಂದಿ ಫೋನಿಗೆ ಹೇಳಿ ಬರೆಸುತ್ತಿದ್ದದ್ದು ನಿಜ. ಆದರೆ ನಾನು ವಾರಗಟ್ಟಲೆ ಕೂತು, ಗ್ರಂಥಾಲಯದ ಪುಸ್ತಕಗಳನ್ನು ನೋಡಿಕೊಂಡು ಕೈಯಾರೆ ಬರೆದಿದ್ದೆ. ಮೇಡಂ ಒಂದು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ: ‘ಮದುವೆಯ ದಿಬ್ಬಣವನ್ನು ಹೊತ್ತ ಹರಗೋಲು ನಡುಹೊಳೆಯಲ್ಲಿ ಮಗುಚಿ ವಧೂವರರ ಸಮೇತ ಸರ್ವರೂ ಜಲಸಮಾಧಿಯಾದರು. ಮದುಮಗಳು ತಾಳಿಯನ್ನು ಕಣ್ಣಿಗೊತ್ತಿಕೊಂಡು ದೇವರನ್ನು ಕೂಗಿದಳು. ಆ ದುರಂತದಿಂದಲೇ ಹರಗೋಲು ನಿಂತು ಸೇತುವೆಗೆ ಬೇಡಿಕೆ ಹುಟ್ಟಿತು.’

“ಸರ್ವರೂ ಮುಳುಗಿದ್ರು, ಹೌದಲ್ಲ?”

“ಹೌದ್ರೀ.”

“ಹಂಗಾದ್ರ ಆಕಿ ತಾಳಿ ಕಣ್ಣಿಗೆ ಒತ್ತಿಕೊಂಡಿದ್ದು ಕಂಡವ್ರು ಯಾರು?”

ಅವರು ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಕಂಡವರು ಯಾರು?’ ಎಂದು ಬರೆದು ಹಾಳೆಗಳನ್ನು ನನ್ನತ್ತ ತಳ್ಳಿದರು. ಕೋಣೆಗೆ ಬಂದು ಗೆಳತಿಯ ಮುಂದೆ ಅತ್ತೆ. “ನಮ್ಮಂಥವ್ರು ಛಂದ ಬರದ್ರ ಅವ್ರಿಗೆ ತಡಿಯಂಗಿಲ್ಲ. ನಿನ್ನ ಬೇಕಂತಲೇ ಹೈರಾಣ ಮಾಡಾಕತ್ತಾರ ನೋಡು,” ಎಂದಳು ಆಕೆ. ನನಗೂ ಹಾಗೆಯೇ ಅನ್ನಿಸಿತು.

ಆದರೂ ಪ್ರಶ್ನೆಗೆ ಉತ್ತರ ತಂದು ಅವರ ಮುಖದ ಮುಂದೆ ಹಿಡಿಯಬೇಕೆಂಬ ಹಟ ಹುಟ್ಟಿತು. ನಾನು ಆ ಘಟನೆಯನ್ನು ತೆಗೆದುಕೊಂಡದ್ದು ಒಂದು ಸ್ಮರಣ ಸಂಚಿಕೆಯಿಂದ. ಅದರ ಅಡಿಟಿಪ್ಪಣಿ ಒಂದು ಪಿಎಚ್‌.ಡಿ. ಪ್ರಬಂಧವನ್ನು ತೋರಿಸುತ್ತಿತ್ತು. ಆ ಪ್ರಬಂಧ ಹುಡುಕಿ ತೆಗೆದರೆ ಅದು ಒಂದು ಪತ್ರಿಕೆಯ ಭಾನುವಾರದ ಲೇಖನವನ್ನು ತೋರಿಸಿತು. ಲೇಖನ ಸಿಗಲು ಬಹಳ ದಿನ ಹಿಡಿಯಿತು. ಸಿಕ್ಕಾಗ ಅದರ ಕೊನೆಯಲ್ಲಿ ಕೃತಜ್ಞತೆ ಹೇಳಿದ್ದು ಅದೇ ಸ್ಮರಣ ಸಂಚಿಕೆಯ ಸಂಪಾದಕರಿಗೆ! ಮೂವರು ಕಳ್ಳರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗಿತ್ತು. ಗ್ರಂಥಾಲಯದ ಧೂಳಿನಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನೂ ಬಿಚ್ಚಿ ನೋಡಿದೆ. ಹೊಳೆಗೆ ಬಿದ್ದ ಎತ್ತಿನ ಸುದ್ದಿ ಇತ್ತು, ಪ್ರವಾಹದ ಸುದ್ದಿ ಇತ್ತು. ಮುಳುಗಿದ ಮದುವೆಯ ಸುದ್ದಿ ಎಲ್ಲಿಯೂ ಇರಲಿಲ್ಲ. ಅಷ್ಟು ದೊಡ್ಡ ಸಾವು ಪತ್ರಿಕೆಗೆ ಕಾಣಿಸದೆ ಹೋಯಿತೇ? ಅಂದಿನಿಂದ ಅಚ್ಚಾದ ಅಕ್ಷರದ ಮೇಲಿದ್ದ ನನ್ನ ನಂಬಿಕೆ ಅಲುಗಾಡತೊಡಗಿತು.

ಉಳಿದದ್ದು ಊರಿಗೇ ಹೋಗಿ ಕೇಳುವುದು. ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಗೂಗಲ್ಲಿಗೆ ಹೋದೆ. ಬ್ಯಾಗು, ಪೆನ್ನು, ಫೋನು ಹಿಡಿದು ಓಣಿಯಲ್ಲಿ ನಡೆಯುತ್ತಿದ್ದರೆ ಬಾಗಿಲುಗಳು ಒಂದೊಂದಾಗಿ ಅರ್ಧ ಮುಚ್ಚಿಕೊಂಡವು.

“ಯಾವ ಸರ್ವೇ ಬೇ ಇದು? ರೇಷನ್‌ ಕಾರ್ಡ್‌ ರದ್ದು ಮಾಡಾಕ ಬಂದಿಯೇನು?” ಎಂದು ಕಟ್ಟೆಯ ಮೇಲಿದ್ದ ಒಬ್ಬರು ಕೇಳಿದರು.

“ಇಲ್ರೀ ಯಪ್ಪಾ, ನಾ ಓದಾಕಿ. ಹರಗೋಲಿನ ಸುದ್ದಿ ಕೇಳಾಕ ಬಂದೀನಿ.”

“ಅದನ್ನ ಕೇಳಿ ಸರ್ಕಾರಕ್ಕೇನು ಆಗಬೇಕಾಗ್ಯಾದ?”

ಸರ್ಕಾರ ಕಳಿಸಿದ್ದಲ್ಲ ಎಂದರೆ ಯಾರೂ ಒಪ್ಪಲಿಲ್ಲ. ಕೂಲಿಯಿಲ್ಲದೆ, ಆದೇಶವಿಲ್ಲದೆ ಒಂದು ಹುಡುಗಿ ಹಳೆಯ ಸುದ್ದಿ ಕೇಳುತ್ತ ತಿರುಗುತ್ತಾಳೆಂದರೆ ಅದರ ಹಿಂದೆ ಏನೋ ಇರಲೇಬೇಕು ಎಂದು ಅವರಿಗೆ ಅನುಮಾನ. ಕೊನೆಗೆ ಮಾತಾಡಿದವರು ಅಲ್ಲಮಪ್ರಭು ಗುಡಿಗೆ ಹೋಗುವ ದಾರಿಯಲ್ಲಿ ಚಹಾದ ಹೋಟೆಲು ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ಅವರ ಮಾತು ಎಷ್ಟು ಧಾರಾಳವಾಗಿತ್ತೆಂದರೆ ನನ್ನ ದಣಿವೆಲ್ಲ ಇಳಿಯಿತು. ಮದುಮಗಳ ಮೈಯ ಅರಿಶಿಣ ನೀರಿಗೆಲ್ಲ ಬಣ್ಣ ಹಚ್ಚಿತೆಂದರು. ಬಾಜಾದವರ ಡೊಳ್ಳು ತೇಲುತ್ತ ಹೋಗಿ ಕೆಳಗಿನ ಊರಿನ ದಡಕ್ಕೆ ಹತ್ತಿತೆಂದರು. ಎಲ್ಲವನ್ನೂ ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡೆ.

“ನೀವು ಕಣ್ಣಿಲೆ ಕಂಡೀರೇನ್ರೀ?”

“ನಾ ಎಲ್ಲಿ ಕಾಣ್ಲವ್ವಾ! ಆ ಮದುವಿ ಮಂದಿ ಚೀಕಲಪರ್ವಿಯವ್ರು. ಅಲ್ಲಿ ಹೋಗಿ ಕೇಳು, ಮನಿಮನಿಗೂ ಗೊತ್ತದ.”

ಚೀಕಲಪರ್ವಿ ನಮ್ಮ ಮಾನ್ವಿ ತಾಲೂಕಿನದೇ, ತುಂಗಭದ್ರಾ ದಂಡೆಯ ಊರು. ಮುಂದಿನ ವಾರ ಮನೆಗೆ ಹೋದವಳು ಅಲ್ಲಿಗೂ ಹೋದೆ. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಮುದುಕರೊಬ್ಬರು ನಾನು ಮಾತು ಮುಗಿಸುವ ಮೊದಲೇ ತಲೆಯಾಡಿಸಿದರು.

“ಗೊತ್ತದ, ಗೊತ್ತದ. ಮದುಮಗಳು, ಡೊಳ್ಳು, ಎಲ್ಲಾ ಖರೇ. ಆದ್ರ ಅದು ನಮ್ಮೂರಿಂದಲ್ಲ ಯವ್ವಾ. ಕೃಷ್ಣಾದಾಗ ಆಗಿದ್ದು. ಗೂಗಲ್ಲಿನವ್ರಿಗೆ ಕೇಳು.”

ಬಸ್ಸಿನಲ್ಲಿ ವಾಪಸು ಬರುವಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಹೊಳೆಗಳ ನಡುವೆ ಒಂದು ಮದುವೆ ಓಡಾಡುತ್ತಿತ್ತು. ಯಾವ ದಡದಲ್ಲೂ ಅದಕ್ಕೆ ಮನೆಯಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಮೇಡಂ ನಗಲಿಲ್ಲ. “ಧ್ವನಿಮುದ್ರಣ ಎಲ್ಲಾ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡು,” ಎಂದರು.

ಗೆಳತಿ ಕೇಳಿದೊಡನೆ ಎದ್ದು ಕೂತಳು. “ಕೊಡಬ್ಯಾಡ ಲೇ! ಹುಡುಗ್ರು ಬಿಸಲಾಗ ತಿರುಗೋದು, ಇವ್ರು ತಮ್ಮ ಹೆಸರಿಲೆ ಅಚ್ಚು ಹಾಕಸೋದು. ಎಷ್ಟು ಮಂದಿಗೆ ಹಂಗಾಗ್ಯಾದ ಅಂತ ಕೇಳಿ ನೋಡು.”

ಅಂಥ ಕಥೆಗಳನ್ನು ನಾನೂ ಕೇಳಿದ್ದೆ. ಕೊಡದಿದ್ದರೆ ಅಂಕ ಹೋಗುತ್ತದೆ, ಕೊಟ್ಟರೆ ಕೆಲಸ ಹೋಗುತ್ತದೆ. ಪ್ರತಿಯೊಂದು ಕಡತವನ್ನೂ ದಿನಾಂಕ ಕಾಣುವಂತೆ ನನಗೆ ನಾನೇ ಇ-ಮೇಲ್‌ ಮಾಡಿಟ್ಟುಕೊಂಡು ಆಮೇಲೆ ಪ್ರತಿ ಕೊಟ್ಟೆ. ಮುಂದೆ ಕೆಲವು ದಿನ ಕಳೆದವು. ಒಮ್ಮೆ ಅವರ ಕೋಣೆಯ ಮುಂದೆ ಹಾದು ಹೋಗುವಾಗ ಬಾಗಿಲ ಸಂದಿಯಿಂದ ನೋಡಿದೆ. ಕಿವಿಗೆ ಇಯರ್‌ಫೋನ್‌ ಹಾಕಿಕೊಂಡು, ತಲೆ ಬಗ್ಗಿಸಿ, ಬರೆದುಕೊಳ್ಳುತ್ತಿದ್ದರು. ಗೆಳತಿ ಹೇಳಿದ್ದೇ ಖರೆಯಾಯಿತು ಅಂದುಕೊಂಡೆ.

ಮರುದಿನ ಕರೆಸಿದರು. ಮಾತಿಲ್ಲದೆ ಒಂದು ಇಯರ್‌ಫೋನ್‌ ನನ್ನ ಕೈಗೆ ಕೊಟ್ಟು, ಗೂಗಲ್ಲಿನ ಹೋಟೆಲಿನವರ ಧ್ವನಿಮುದ್ರಣ ಹಚ್ಚಿದರು. ಅರಿಶಿಣ ನೀರಿಗೆ ಬಣ್ಣ ಹಚ್ಚಿದ ಮಾತು ಬಂತು. ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿಸಿದರು.

“ಇಲ್ಲಿ ನಕ್ಕವರು ಯಾರು?”

ಕಿವಿ ಒತ್ತಿ ಹಿಡಿದಾಗ ಕೇಳಿಸಿತು. ಹೋಟೆಲಿನವರ ದನಿಯ ಹಿಂದೆ, ಲೋಟಗಳ ಸದ್ದಿನ ಹಿಂದೆ, ಒಂದು ಹೆಣ್ಣುದನಿಯ ಸಣ್ಣ ನಗು. ಖುಷಿಯ ನಗು ಅಲ್ಲ. ಹಲ್ಲು ಕಚ್ಚಿ ಹೊರಬಿಟ್ಟಂಥದ್ದು. ಇಡೀ ಮಾತನ್ನು ಅಕ್ಷರಕ್ಕಿಳಿಸಿದವಳು ನಾನು, ನನಗೆ ಅದು ಕೇಳಿಸಿರಲೇ ಇಲ್ಲ. ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಮಾತಾಡಿದವರನ್ನಷ್ಟೇ ನಾನು ಕೇಳಿದ್ದೆ.

“ಹೋಟೆಲಿನ ಗ್ವಾಡಿ ಹತ್ರ ಒಬ್ಬಾಕಿ ಸೌತಿಕಾಯಿ ಮಾರಕೋತ ಕೂತಿದ್ಲು ರೀ,” ಎಂದೆ ನೆನಪು ಮಾಡಿಕೊಂಡು.

“ಹೋಗಿ ಕೇಳು, ಯಾಕ ನಕ್ಕಿ ಅಂತ.”

ಹೋದೆ. ಆಕೆ ಅದೇ ಜಾಗದಲ್ಲಿದ್ದಳು. ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು, ಮುಂದೆ ಸೌತೆಕಾಯಿಯ ಬುಟ್ಟಿ. ಪಕ್ಕದಲ್ಲಿ ಕೂತು ನಾನು ಬಂದ ಕಾರಣ ಹೇಳಿದೊಡನೆ ಮುಖ ಬಿಗಿದುಕೊಂಡಳು.

“ನಾ ನಕ್ಕಿಲ್ಲ.”

“ಫೋನಿನಾಗ ಕೇಳಸ್ತದ ಯವ್ವಾ.”

“ನನ್ನ ನಗಿನೂ ತುಂಬ್ಕೊಂಡು ಹೋಗಿಯೇನ್‌? ಯಾರ್ನ ಕೇಳಿ ತುಂಬ್ಕೊಂಡಿ?”

ಹೋಟೆಲಿನವರ ಪರವಾನಗಿ ಕೇಳಿದ್ದೆ, ಆಕೆಯದನ್ನು ಕೇಳಿರಲಿಲ್ಲ. ಆಕೆಗೆ ಆ ಭಾಗ ಕೇಳಿಸಿದೆ. ಕೇಳಿ, “ಅಳಸು,” ಎಂದಳು. ಆಕೆಯ ಕಣ್ಣೆದುರೇ ಅಳಿಸಿದೆ. ಇನ್ನೊಂದು ಪ್ರತಿ ನಮ್ಮ ಮೇಡಂ ಹತ್ತಿರ ಇದೆ, ಇ-ಮೇಲಿನಲ್ಲೂ ಇದೆ, ನೀವು ಬೇಡವೆಂದರೆ ಅವನ್ನೂ ಅಳಿಸುತ್ತೇನೆ ಎಂದೆ.

“ಯಾವೂರಾಕಿ ನೀ?”

“ಕುರ್ಡಿ.”

“ನಿಮ್ಮವ್ವ ಏನು ಮಾಡ್ತಾಳ?”

“ಹೊಲದ ಕೆಲಸಕ್ಕ ಹೋಗ್ತಾಳ್ರೀ. ಹತ್ತಿ ಬಿಡಸಾಕ, ಕಳೆ ತಗಿಯಾಕ.”

“ನೀ ಹೋಗೀಯೇನು?”

“ಸೂಟಿ ಇದ್ದಾಗೆಲ್ಲಾ ಹೋಗೀನಿ.”

“ಹತ್ತಿ ಬಿಡಸಾಗ ಉಡಿ ಹ್ಯಾಂಗ ಕಟ್ಟತಾರ, ತೋರಸು.”

ದಾರಿಯ ಜನ ನೋಡುತ್ತಿದ್ದರೂ ಎದ್ದು ನಿಂತು, ವೇಲನ್ನೇ ಸೊಂಟಕ್ಕೆ ಸುತ್ತಿ ಉಡಿ ಕಟ್ಟಿ ತೋರಿಸಿದೆ. ಪುಸ್ತಕಗಳನ್ನು ನಾನು ಪರೀಕ್ಷಿಸಿದ್ದಕ್ಕಿಂತ ಗಟ್ಟಿಯಾಗಿ ಆಕೆ ನನ್ನನ್ನು ಪರೀಕ್ಷಿಸಿದಳು. ಆಮೇಲೆ ಬುಟ್ಟಿಯ ಮೇಲೆ ಹಸಿ ಬಟ್ಟೆ ಹೊದಿಸಿ, ದನಿ ತಗ್ಗಿಸಿ ಹೇಳಿದಳು. ಫೋನು ಬೇಡವೆಂದಳು, ಬರೆದುಕೋ ಎಂದಳು.

“ಮದುವಿಯಿಲ್ಲ, ಬಾಜಾಯಿಲ್ಲ. ನಾವು ಹೆಣ್ಮಕ್ಳು ಆಚಿ ದಂಡಿಗೆ ಶೇಂಗಾದ ಕಳೆ ತಗಿಯಾಕ ಹೊಂಟಿದ್ವಿ. ಹೊಳಿ ಏರಾಕತ್ತಿತ್ತು. ಹೊಲದ ಯಜಮಾನನ ಮನಷ್ಯಾ ಬಂದು, ಎಲ್ಲಾರೂ ಒಂದಾ ಸಲ ಹತ್ರಿ, ಹೊತ್ತಾತು ಅಂದ. ಕುರಿ ತುಂಬಿದಂಗ ತುಂಬಿದ. ಆಚಿ ದಂಡಿ ಬಂಡಿ ಹತ್ರ ಬುಟ್ಟಿ ಗರ್ರಂತ ತಿರುಗಿ ಬೋರಲ ಬಿತ್ತು. ನಾವೆಲ್ಲಾ ಬಂಡಿ ಹಿಡಕೊಂಡ್ವಿ. ನನ್ನ ತಂಗಿ ಕೈಗೆ ಹತ್ತಲಿಲ್ಲ. ಮರುದಿನ ಸಿಕ್ಕಳು.”

ಬಂಡಿ ಎಂದರೆ ಬಂಡೆ. ಹೊಳೆಯ ಕಡೆ ಕೈ ತೋರಿಸಿದಳು. ಅಲ್ಲಿಂದ ಬಂಡೆ ಕಾಣುತ್ತಿರಲಿಲ್ಲ.

“ಮತ್ತ ಮದುವಿ ಅಂತ ಯಾಕ ಹೇಳ್ತಾರ?”

“ಆಕಿ ಮದುವಿ ಗೊತ್ತಾಗಿತ್ತಲ್ಲ. ಇನ್ನಾ ಅರಿಶಿಣ ಹಚ್ಚಿದ್ದಿಲ್ಲ. ಮದುಮಗಳು ಹೋದ್ಲು, ಮದುಮಗಳು ಹೋದ್ಲು ಅಂದ್ರು ಮಂದಿ. ಮುಂದ ಒಬ್ಬವ ಮದುಮಗನ್ನ ಕೂಡಿಸಿದ, ಇನ್ನೊಬ್ಬವ ಡೊಳ್ಳು ಕೂಡಿಸಿದ. ಕಳೆ ತಗಿಯಾಕ ಹೋಗೋ ಹೆಣ್ಮಕ್ಳ ಸುದ್ದಿ ಯಾರಿಗೆ ಬೇಕು? ಚಾ ಕುಡಕೋತ ಕೇಳಾಕ ಮದುವಿ ಸುದ್ದೀನಾ ಬೇಕು.”

“ಆವತ್ತಿನಿಂದ ಹರಗೋಲು ನಿಂತೇ ಹೋಯ್ತಂತಲ್ಲ?”

ಆಕೆ ಮತ್ತೆ ಅದೇ ನಗು ನಕ್ಕಳು. “ಮಣ್ಣು ಮಾಡಿ ಬಂದ ಮರುದಿನಾನಾ ಅದರಾಗ ಕೂತು ಹೋಗೀನಿ. ಕೂಲಿ ಬಿಡಾಕ ಬರ್ತದೇನು?”

ನನ್ನ ಇಡೀ ಅಧ್ಯಾಯ ನಿಂತಿದ್ದೇ ಹರಗೋಲು ನಿಂತಿತು ಎಂಬ ಮಾತಿನ ಮೇಲೆ. ಅದು ಕುಸಿದದ್ದಕ್ಕೆ ನನಗೆ ಆ ಹೊತ್ತಿನಲ್ಲಿ ಏನೂ ಅನ್ನಿಸಲಿಲ್ಲ. ಆಕೆ ಬಟ್ಟೆ ಸರಿಸಿ ಒಂದು ಸೌತೆಕಾಯಿ ತೆಗೆದು ನನ್ನ ಕೈಗಿಟ್ಟಳು.

ರಾಯಚೂರಿಗೆ ಬಂದು ಮೇಡಂ ಮುಂದೆ ಎಲ್ಲ ಓದಿದಾಗ ಅವರು ಮೆಚ್ಚುತ್ತಾರೆಂದು ಕಾದೆ. “ಒಬ್ಬರ ಮಾತು ಅಂದ್ರ ಒಬ್ಬರ ಮಾತಷ್ಟಾ. ಆ ಹರಗೋಲಿನಾಗ ಮತ್ಯಾರಿದ್ರು?” ಎಂದರು. ನನಗೆ ಸಿಟ್ಟು ಬಂತು. ತಂಗಿಯನ್ನು ಕಳಕೊಂಡವಳ ಮಾತನ್ನೂ ಅನುಮಾನಿಸುವ ಈಕೆ ಎಂಥ ಹೆಂಗಸು? “ಆಕಿ ಸುಳ್ಳು ಹೇಳ್ತಾಳೇನ್ರಿ?” ಎಂದು ದನಿ ಏರಿಸಿಯೇ ಕೇಳಿದೆ. “ಸುಳ್ಳು ಅಂದಿಲ್ಲ. ಇನ್ನೊಬ್ಬರು ಹ್ಯಾಂಗ ಕಂಡಾರ ಅಂತ ಕೇಳಾಕತ್ತೀನಿ,” ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ಸಿಟ್ಟಿನಲ್ಲೇ ಮತ್ತೆ ಗೂಗಲ್ಲಿಗೆ ಹೋಗಿ ಕೇಳಿದೆ. ಅಂದು ಜೊತೆಗಿದ್ದವರಲ್ಲಿ ಬಹಳ ಮಂದಿ ತೀರಿಹೋಗಿದ್ದರು. ಉಳಿದ ಒಬ್ಬ ಗೆಳತಿಯನ್ನು ಮದುವೆ ಮಾಡಿ ಕೊಟ್ಟದ್ದು ಎಲ್ಲಿಗೆ ಎಂದರೆ ಚೀಕಲಪರ್ವಿಗೆ! ಆ ಕಥೆ ಕೃಷ್ಣಾ ದಂಡೆಯಿಂದ ತುಂಗಭದ್ರಾ ದಂಡೆಗೆ ಹೋದ ದಾರಿ ಅದೇ ಇರಬೇಕು. ಅದು ಅಷ್ಟು ಸಲೀಸಾಗಿ ಹೊಂದಿಕೊಂಡದ್ದೇ ನನಗೆ ಅನುಮಾನ ತಂದಿತು. ಅಷ್ಟರಲ್ಲಿ ಮೇಡಂ ಅವರ ರೋಗ ನನಗೂ ಅಂಟಿತ್ತು.

ಚೀಕಲಪರ್ವಿಯಲ್ಲಿ ಆ ಎರಡನೆಯ ಹೆಂಗಸು ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದಳು. ಹಿಂದಿನ ಸಲ ಇದೇ ಮನೆಯ ಮುಂದೆ ಹಾದು ಹೊಳೆಗೆ ಹೋಗಿದ್ದೆ; ಮೆಟ್ಟಿಲ ಮೇಲಿನ ಗಂಡಸರನ್ನು ಕೇಳಿದ್ದೆ, ಈಕೆಯನ್ನು ಕೇಳಿರಲಿಲ್ಲ. ನಾನು ಗೂಗಲ್ಲಿನ ಸೌತೆಕಾಯಿಯವಳು ಹೇಳಿದ್ದನ್ನು ಬಾಯಿಬಿಡದೆ, ಏನಾಯಿತು ಹೇಳಿರಿ ಎಂದಷ್ಟೇ ಕೇಳಿದೆ. ಶೇಂಗಾದ ಕಳೆ, ಏರುತ್ತಿದ್ದ ಹೊಳೆ, ಯಜಮಾನನ ಮನುಷ್ಯ, ಬಂಡೆ ಎಲ್ಲವೂ ಆಕೆಯ ಬಾಯಿಂದ ಹಾಗೆಯೇ ಬಂದವು. ಆಮೇಲೆ ಆಕೆ ಹೇಳಿದಳು:

“ಆ ಹುಡುಗೀನ ನಾನಾ ಜಡಿ ಹಿಡಿದು ಜಗ್ಗಿ ದಂಡಿಗೆ ಹಾಕಿದ್ದು. ಉಸರು ಆಡತಿತ್ತು. ಮನಿಗೆ ಹೋದ ಮ್ಯಾಲ ಜ್ವರ ಬಂದು ಸತ್ತಳು.”

“ಹುಡುಗಿ ಹೊಳ್ಯಾಗಾ ಹೋದ್ಲು ಅಂತ ಆಕಿ ಅಕ್ಕ ಹೇಳ್ತಾಳಲ್ರೀ?” ತಡೆಯಲಾರದೆ ಕೇಳಿಬಿಟ್ಟೆ.

ಆಕೆಯ ಕೈ ಮೊರದಲ್ಲಿ ನಿಂತಿತು. “ಯಾರು ಕಳಿಸ್ಯಾರ ನಿನ್ನ? ಆಕಿ ಕಳಿಸ್ಯಾಳೇನು, ನನ್ನ ಬಾಯಿ ನೋಡಾಕ?” ಎಂದಳು. ನಾನು ಏಳುವವರೆಗೂ ಜೋಳವನ್ನೇ ಕೇರುತ್ತಿದ್ದಳು.

ಬಹಳ ದಿನ ಆ ಒಂದು ಪ್ಯಾರಾ ಬರೆಯಲಾಗಲಿಲ್ಲ. ತಾನು ಉಳಿಸಿದೆ ಎಂಬ ಸಮಾಧಾನಕ್ಕಾಗಿ ಈಕೆ ಹಾಗೆ ಹೇಳುತ್ತಿದ್ದಾಳೆಯೇ? ಜ್ವರದ ದಿನಗಳಲ್ಲಿ ಏನೋ ಆಗಿದ್ದು ಅದನ್ನು ನೆನೆಯಲಾರದೆ ಗೂಗಲ್ಲಿನ ಅಕ್ಕ ಸಾವನ್ನು ಹೊಳೆಯ ಮೇಲೆ ಹಾಕುತ್ತಿದ್ದಾಳೆಯೇ? ಯಾರನ್ನು ನಂಬಬೇಕೆಂದು ಮೇಡಂ ಅವರನ್ನು ಕೇಳಿದೆ. “ನಿನಗ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತಲೇ ಬರಿ. ಇಬ್ಬರದೂ ಹಾಕು,” ಎಂದರು. ಇಬ್ಬರದನ್ನೂ ಹಾಕಿದೆ. ಎಲ್ಲಿ ಇಬ್ಬರೂ ಒಂದೇ ಹೇಳುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ, ಯಾವುದನ್ನು ನಾನು ಪತ್ತೆ ಮಾಡಲಾರದೆ ಹೋದೆ ಎಂದು ಬರೆದೆ. ಮದುವೆಯ ಹರಗೋಲನ್ನು ಕಂಡವರು ಯಾರೂ ಸಿಗಲಿಲ್ಲವೆಂದೂ, ಹರಗೋಲು ಸೇತುವೆ ಬರುವ ತನಕ ನಡೆದೇ ಇತ್ತೆಂದೂ ಬರೆದೆ. ಹೊರೆಗಟ್ಟಲೆ ಅಲಂಕಾರ ಹೋಗಿ ಅಧ್ಯಾಯ ಸಣ್ಣದಾಯಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಅಧ್ಯಾಯವನ್ನೇ ತೆರೆದರು. “ಇದು ಎಲ್ಲರಿಗೂ ಗೊತ್ತಿರುವ ದುರಂತ. ಸಂಚಿಕೆಯಲ್ಲಿದೆ, ಪಿಎಚ್‌.ಡಿ. ಪ್ರಬಂಧದಲ್ಲಿದೆ. ಇಬ್ಬರು ಕೂಲಿ ಹೆಂಗಸರ ಮಾತು ಹಿಡಿದು ಅದನ್ನು ಅಲ್ಲಗಳೆಯುತ್ತೀರಾ?”

ನಾನು ಮೇಡಂ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೈಬಿಟ್ಟರು, ಅಂದುಕೊಂಡೆ.

“ಆ ಮೂರೂ ಬರಹಗಳು ಒಂದನ್ನೊಂದು ತೋರಿಸುತ್ತವೆ ಸರ್‌,” ಎಂದೆ. “ಅವುಗಳನ್ನು ಬರೆದವರು ಯಾರೂ ಆ ಹರಗೋಲಿನಲ್ಲಿ ಇರಲಿಲ್ಲ. ಈ ಇಬ್ಬರು ತಾವು ಇದ್ದೆವು ಅನ್ನುತ್ತಾರೆ. ಅವರ ಮಾತೂ ಪೂರ್ತಿ ಕೂಡುವುದಿಲ್ಲ, ಅದನ್ನೂ ಬರೆದಿದ್ದೇನೆ.”

ಪರೀಕ್ಷಕರು ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಆಮೇಲೆ ಸೇತುವೆಯ ಬಗ್ಗೆ ಏನೇನೋ ಕೇಳಿ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಮೇಡಂ, “ನಾ ಮಾತಾಡಿದ್ರ ನಾನಾ ಬರದೀನಿ ಅಂತಿದ್ರು,” ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು. ಮುಂದೆ ಅವರದೊಂದು ಲೇಖನ ಪ್ರಕಟವಾಗಿದೆ ಎಂದು ಕೇಳಿ, ತರಿಸಿ, ನನ್ನ ಹೊಳೆಯ ಸುದ್ದಿಯನ್ನೇ ಹುಡುಕುತ್ತ ಪುಟ ಬಿಚ್ಚಿದೆ. ಅದು ರಾಯಚೂರಿನ ಹಳೆಯ ಬಾವಿಗಳ ಬಗ್ಗೆ ಇತ್ತು. ಹಾಗಿದ್ದೂ ಇಂದಿನವರೆಗೆ ಯಾರಿಗೂ ನಾನು ಧ್ವನಿಮುದ್ರಣಗಳ ಮೂಲ ಪ್ರತಿ ಕೊಟ್ಟಿಲ್ಲ.

ಪ್ರಬಂಧದ ಒಂದು ಪ್ರತಿಯನ್ನು ಬೈಂಡು ಮಾಡಿಸಿ ಗೂಗಲ್ಲಿಗೆ ಒಯ್ದೆ. ಹೋಟೆಲಿನಲ್ಲಿ ಆ ಹಿರಿಯರು ಗುಡಿಗೆ ಬಂದ ಯಾರಿಗೋ ಮದುವೆಯ ಕಥೆಯನ್ನು ಹೇಳುತ್ತಿದ್ದರು. ನನ್ನನ್ನು ಕಂಡು ಉಬ್ಬಿಹೋದರು. “ಇಕಾ, ಈಕೀನಾ! ಯೂನಿವರ್ಸಿಟಿಯಿಂದ ಬಂದು ಇದರ ಮ್ಯಾಲ ಸಂಶೋಧನೆ ಮಾಡ್ಯಾಳ. ಸುಳ್ಳಿದ್ರ ಮಾಡ್ತಿದ್ರೇನು?” ಎಂದು ಬಂದವರಿಗೆ ತೋರಿಸಿದರು. ನಾನು ಬಾಯಿ ತೆರೆಯುವುದರೊಳಗೆ ಅವರು ಡೊಳ್ಳಿನ ತನಕ ಹೋಗಿಬಿಟ್ಟಿದ್ದರು.

ಸೌತೆಕಾಯಿಯವಳು ಮನೆಯಲ್ಲಿದ್ದಳು. ತನ್ನ ತಂಗಿಯ ಸುದ್ದಿ ಇರುವ ಜಾಗವನ್ನು ಓದು ಎಂದಳು. ಓದಿದೆ. ಚೀಕಲಪರ್ವಿಯ ಗೆಳತಿ ಹೇಳಿದ ಭಾಗ ಬಂದಾಗ ಮುಖ ಆಚೆ ತಿರುಗಿಸಿದಳು, ಆದರೆ ನಿಲ್ಲಿಸು ಎನ್ನಲಿಲ್ಲ. ಓದಿ ಮುಗಿಸಿದ ಮೇಲೆ ಕೇಳಿದಳು.

“ಆಕಿ ಹೆಸರು ಎಲ್ಲ್ಯಾದ?”

ಮಾಹಿತಿ ಕೊಟ್ಟವರ, ಅವರ ಮನೆಯವರ ಹೆಸರು ಹಾಕಬಾರದೆಂಬ ನಿಯಮವಿದೆ, ಅದು ನಿಮ್ಮ ಒಳ್ಳೆಯದಕ್ಕೇ ಎಂದು ವಿವರಿಸಿದೆ.

“ಸತ್ತಾಕಿಗೆ ಏನು ಒಳ್ಳೇದು?” ಎಂದಳು. “ಯಜಮಾನನ ಹೆಸರು ಮುಚ್ಚಾಕ ಇದು ಮಾಡೀರೇನು?”

ಇಲ್ಲ ಎಂದೆ. ಆಕೆ ನಂಬಲಿಲ್ಲ. ನಾನು ಪೆನ್ನು ತೆಗೆದು, ಆಕೆ ಹೇಳಿದ ತಂಗಿಯ ಹೆಸರನ್ನು ಆ ಪ್ರತಿಯಲ್ಲಿ, ಆ ಸಾಲಿನ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ. ಆಕೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲಿಗೆ ಹೋದಳು. ನೀರಿನ ಕೊಡ ಹೊತ್ತು ಹೋಗುತ್ತಿದ್ದ ಪಕ್ಕದ ಮನೆಯ ಸೊಸೆಯನ್ನು ನಿಲ್ಲಿಸಿ, ಬರೆದ ಜಾಗಕ್ಕೆ ಬೆರಳಿಟ್ಟಳು.

“ಇಲ್ಲೇನು ಬರದಾಳ, ಓದು. ನಾ ಹೇಳಂಗಿಲ್ಲ, ನೀನಾ ಓದು.”

ಸೊಸೆ ಕೊಡ ಇಳಿಸಿ, ಬಗ್ಗಿ, ಗಟ್ಟಿಯಾಗಿ ಓದಿದಳು.